ಹೇಳಿದವರ ಹೆಸರು

ನಮ್ಮ ದೊಡ್ಡಪ್ಪ ಮೆಜಿಯಾನ್, ಇಘಿಲ್ ಎಂಬ ಗುಡ್ಡದೂರಿನ ಸರ್ಕಾರಿ ದವಾಖಾನೆಯಲ್ಲಿ ಇಪ್ಪತ್ತೇಳು ವರ್ಷ ಕಾಂಪೌಂಡರ್ ಆಗಿದ್ದರು. ಊರೆಲ್ಲ ಅವರನ್ನು ದಾ ಮೆಜಿಯಾನ್, ಅಂದರೆ ಮೆಜಿಯಾನಣ್ಣ, ಎಂದು ಕರೆಯುತ್ತಿತ್ತು. ಸೂಜಿ ಚುಚ್ಚುವುದು, ಗಾಯ ತೊಳೆಯುವುದು, ಕುರು ಕೊಯ್ಯುವುದು, ಹಿಮ ಬಿದ್ದು ರಸ್ತೆ ಮುಚ್ಚಿದರೆ ಹೆರಿಗೆ ಮಾಡಿಸುವುದು, ಎಲ್ಲವೂ ಅವರದೇ ಕೈಯಲ್ಲಿ. ತಿಜಿ ಊಜು ಪಟ್ಟಣದಿಂದ ವಾರಕ್ಕೊಮ್ಮೆ ವೈದ್ಯರು ಬರಬೇಕಿತ್ತು. ಬಂದದ್ದು ಅಪರೂಪ. ಫ್ರೆಂಚರ ಕಾಲದ ಶಾಲೆಯಲ್ಲಿ ಆರು ವರ್ಷ ಕೂತದ್ದು ಬಿಟ್ಟರೆ ದೊಡ್ಡಪ್ಪನಿಗೆ ಬೇರೆ ಓದಿರಲಿಲ್ಲ. ಭಾಷೆಗೂ ಒಂದು ಶಾಸ್ತ್ರವಿದೆ ಎಂದು ಅವರಿಗೆ ನಲವತ್ತೈದು ತುಂಬುವವರೆಗೆ ಗೊತ್ತಿರಲಿಲ್ಲ. ರಾಜಕೀಯದ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಸ್ವಾತಂತ್ರ್ಯದ ಯುದ್ಧದಲ್ಲಿ ಅವರ ಇಬ್ಬರು ತಮ್ಮಂದಿರು ಸತ್ತಿದ್ದರು. ಉಳಿದ ಒಬ್ಬನೇ ತಮ್ಮ ನನ್ನ ಅಪ್ಪ.

ಅವರು ಪದ ಬರೆದಿಡಲು ಶುರು ಮಾಡಿದ್ದು ನಮ್ಮೂರ ದೆಹ್ಬಿಯಾ ಅಜ್ಜಿಯಿಂದ. ಅಜ್ಜಿಯ ಮಗ ಪ್ಯಾರಿಸ್ಸಿನಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ಸತ್ತಿದ್ದ. ಅಜ್ಜಿ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿನ ವೈದ್ಯ ಪರದೇಶದವನು. ನಮ್ಮ ಮಾತು ಅವನಿಗೆ ಬಾರದು, ಅವನ ಮಾತು ಅಜ್ಜಿಗೆ ಬಾರದು. "ನನ್ನ ತಾಸಾ ಉರೀತಿದೆ" ಎಂದಳು ಅಜ್ಜಿ. ಗುಮಾಸ್ತನೊಬ್ಬ ಅದನ್ನು ಯಕೃತ್ತು ಉರಿಯುತ್ತಿದೆ ಎಂದು ತಿಳಿಸಿದ. ತಾಸಾ ಎಂದರೆ ಯಕೃತ್ತೇ, ಅದು ಸುಳ್ಳಲ್ಲ. ಆದರೆ ಮಕ್ಕಳ ಮೇಲಿನ ಜೀವವೂ ನಮ್ಮಲ್ಲಿ ಅಲ್ಲೇ ಇರುವುದು, ಮಗ ಸತ್ತರೆ ತಾಯಿಗೆ ಉರಿಯುವುದೂ ಅಲ್ಲೇ. ನಾಲ್ಕು ತಿಂಗಳು ಅಜ್ಜಿ ಯಕೃತ್ತಿನ ಮಾತ್ರೆ ನುಂಗಿ ಕಡ್ಡಿಯಾದಳು. ಕೊನೆಗೆ ದೊಡ್ಡಪ್ಪ ಆ ಮಾತ್ರೆಗಳನ್ನು ಕಿತ್ತುಕೊಂಡು, "ಅಕ್ಕಾ, ಇದನ್ನ ಬಚ್ಚಲಿಗೆ ಸುರಿ. ಬಾ, ಇಲ್ಲಿ ಕೂತು ಅಳು. ಯಾರೂ ಬರದ ಹಾಗೆ ಬಾಗಿಲು ಹಾಕ್ತೀನಿ" ಎಂದರು.

ಅದಾದ ಮೇಲೆ ಔಷಧಿಯ ಖಾಲಿ ಪೆಟ್ಟಿಗೆಗಳನ್ನು ಅಂಗೈಯಗಲದ ಚೀಟಿಗಳಾಗಿ ಕತ್ತರಿಸಿ, ಬಿಳಿಯ ಬದಿಯಲ್ಲಿ ನೋವಿನ ಪದಗಳನ್ನು ಬರೆಯತೊಡಗಿದರು. ಚುಚ್ಚುವ ನೋವಿಗೆ ಒಂದು ಪದ, ಹಿಂಡುವ ನೋವಿಗೆ ಇನ್ನೊಂದು, ಬಂದು ಹೋಗುವುದಕ್ಕೆ ಮತ್ತೊಂದು. ಪಟ್ಟಣದ ವೈದ್ಯರಿಗೆ ಕೊಟ್ಟರೆ ಇನ್ನೊಬ್ಬಳು ಅಜ್ಜಿ ಬಚಾವಾಗಲಿ ಎಂಬುದಿಷ್ಟೇ ಆಸೆ.

ಮುಕ್ರಾನ್ ಬಂದದ್ದು ಆರೇಳು ವರ್ಷದ ನಂತರ. ಕಣಿವೆಯಾಚೆಯ ಊರಿನವನು, ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದಿಸುತ್ತಿದ್ದವನು, ಇನ್ನೂ ಮೂವತ್ತು ದಾಟದವನು. ಹೆಗಲಿಗೆ ಟೇಪ್ ರೆಕಾರ್ಡರು, ಕಾಲಲ್ಲಿ ಹರಿದ ಬೂಟು. ಹಿಮ್ಮಡಿಯ ಗುಳ್ಳೆಗೆ ಪಟ್ಟಿ ಕಟ್ಟಿಸಿಕೊಳ್ಳಲು ದವಾಖಾನೆಗೆ ಬಂದವನ ಕಣ್ಣಿಗೆ ಚೀಟಿಗಳು ಬಿದ್ದವು. ಪಟ್ಟಿ ಮರೆತು ಅಲ್ಲೇ ಸಂಜೆಯವರೆಗೆ ಕೂತು ಓದಿದ.

"ದಾ ಮೆಜಿಯಾನ್, ಇದನ್ನ ಯಾರು ಹೇಳಿಕೊಟ್ರು ನಿಮಗೆ?"

"ಯಾರು ಹೇಳಿಕೊಡ್ತಾರೆ? ರೋಗಿ ಹೇಳ್ತಾನೆ, ನಾನು ಬರ್ಕೋತೀನಿ."

"ನೀವು ಮಾಡ್ತಿರೋದನ್ನ ಕಲಿಯೋಕೆ ನಾನು ಒಂಬತ್ತು ವರ್ಷ ಓದಿದೀನಿ. ಒಂದೇ ಒಂದು ಕೊರತೆ. ಹೇಳಿದವರು ಯಾರು ಅಂತ ಇಲ್ಲ. ಹೆಸರು, ವಯಸ್ಸು, ಊರು, ತಾಯಿಯ ಊರು, ಇಷ್ಟೂ ಬರೀಬೇಕು. ಕೇಳಿದ್ದನ್ನ ಕೇಳಿದ ಹಾಗೇ ಬರೀಬೇಕು, ಪೂರಾ ವಾಕ್ಯ. ಹೀಗಿದ್ರೆ ಚೆನ್ನಾಗಿತ್ತು ಅನ್ನಿಸಿದ್ದನ್ನ ಬರೀಬಾರದು. ಇಲ್ಲದಿದ್ರೆ ಇದು ಕತೆ ಆಗತ್ತೆ, ಶಾಸ್ತ್ರ ಆಗಲ್ಲ."

ಇದನ್ನೇ ಒಂದು ಚೀಟಿಯಲ್ಲಿ ತನ್ನ ಕೈಯಾರೆ ಬರೆದುಕೊಟ್ಟ. ದೊಡ್ಡಪ್ಪ ಆ ಚೀಟಿಯನ್ನು, ಚೀಟಿಗಳನ್ನು ಜೋಡಿಸಿಡುವ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟುಕೊಂಡರು. ಮುಕ್ರಾನ್ ಪ್ರತಿ ತಿಂಗಳೂ ಬರುವವನಾದ. ನಮ್ಮ ಮನೆಯಲ್ಲಿ ರೊಟ್ಟಿ, ಆಲಿವ್ ಎಣ್ಣೆ, ಒಣ ಅಂಜೂರ ತಿಂದು, ದೊಡ್ಡಪ್ಪನ ಜೊತೆ ಒಂದು ಉಚ್ಚಾರಕ್ಕಾಗಿ ಜಗಳಾಡಿ ಹೋಗುತ್ತಿದ್ದ. ದೇಶಕ್ಕೆಲ್ಲ ಅರಬ್ಬಿಯೊಂದೇ ಭಾಷೆ, ನಮ್ಮ ಮಾತು ಭಾಷೆಯೇ ಅಲ್ಲ, ಗುಡ್ಡದ ಗಂಟಲಿನ ಗೊಗ್ಗರು ಎಂದು ರೇಡಿಯೋದಲ್ಲಿ ಹೇಳುತ್ತಿದ್ದ ಕಾಲ ಅದು. ಶಾಲೆಯಲ್ಲಿ ಬಾಯಿ ತಪ್ಪಿ ಮನೆಮಾತು ಬಂದರೆ ಬೆರಳಿನ ಗೆಣ್ಣಿಗೆ ಏಟು ತಿಂದವಳು ನಾನು. ಅಂಥ ಮಾತಿಗೂ ವ್ಯಾಕರಣವಿದೆ ಎಂದು ಮುಕ್ರಾನ್ ಮೊದಲ ಸಲ ತೋರಿಸಿದಾಗ ನನಗೆ ಅಳು ಬಂದುಬಿಟ್ಟಿತ್ತು.

ಎಪ್ಪತ್ತೊಂಬತ್ತರ ಅಂಜೂರದ ಸುಗ್ಗಿಯಲ್ಲಿ ಐಸ್ಸಾ ಕುರು ತೋರಿಸಲು ಬಂದ. ಕಲ್ಲುಗಣಿಯಲ್ಲಿ ಕೆಲಸ, ಮೂವತ್ನಾಲ್ಕು ವಯಸ್ಸು, ಊರ ಕಟ್ಟೆಯಲ್ಲಿ ಎಲ್ಲರನ್ನೂ ನಗಿಸುವ ಬಾಯಿ. ಕುರು ಎದ್ದದ್ದು ಕೂರುವ ಜಾಗದಲ್ಲಿ. ಬೋರಲಾಗಿ ಮಲಗಿ ಹಲ್ಲು ಕಚ್ಚಿಕೊಂಡು ಅವನು ಹೇಳಿದ:

"ದಾ ಮೆಜಿಯಾನ್, ಇದು ಕುರುವಲ್ಲ, ನಮ್ಮ ಸರ್ಕಾರ. ನನ್ನ ಕೂರಕ್ಕೂ ಬಿಡಲ್ಲ, ತಾನೂ ಒಡೆಯಲ್ಲ."

ಹೊರಗೆ ಕಾಯುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಐಸ್ಸಾನ ತಾಯಿ ಕಣಿವೆಯಾಚೆಯವಳು. ಕುರುವಿಗೆ ಅವನು ಬಳಸಿದ್ದು ಅವಳ ಊರಿನ ಪದ, ನಮ್ಮಲ್ಲಿ ಇಲ್ಲದ್ದು. ದೊಡ್ಡಪ್ಪ ಕೈ ತೊಳೆದು, ವಾಕ್ಯವನ್ನು ಪೂರಾ ಬರೆದು, ಕೆಳಗೆ ಹೆಸರು, ವಯಸ್ಸು, ಊರು, ತಾಯಿಯ ಊರು ಸೇರಿಸಿದರು.

ಮುಂದಿನ ಮಾರ್ಚಿನಲ್ಲಿ ಆ ಪೆಟ್ಟಿಗೆಯನ್ನು ತಿಜಿ ಊಜುವಿಗೆ ಬಸ್ಸಿನಲ್ಲಿ ಹೊತ್ತೊಯ್ದವಳು ನಾನೇ. ಆಗ ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿ. ಮುಕ್ರಾನ್ ನಕಲು ಮಾಡಿಕೊಂಡು ಹಿಂತಿರುಗಿಸುತ್ತೇನೆ ಎಂದಿದ್ದ. ಅದೇ ದಿನಗಳಲ್ಲಿ ನಮ್ಮ ಹಳೆಯ ಕಾವ್ಯದ ಮೇಲಿನ ಒಂದು ಭಾಷಣವನ್ನು ಸರ್ಕಾರ ನಿಲ್ಲಿಸಿತು. ಭಾಷಣ ನಿಂತಿತು, ಊರಿಗೆ ಊರೇ ಎದ್ದಿತು. ವಿದ್ಯಾರ್ಥಿಗಳು ವಿಶ್ವವಿದ್ಯಾಲಯ ಹಿಡಿದು ಕೂತರು. ಟೇಪು, ಚೀಟಿಗಳ ಮನುಷ್ಯನಾಗಿದ್ದ ಮುಕ್ರಾನ್ ಮೇಜಿನ ಮೇಲೆ ನಿಂತು ಕೂಗುವುದನ್ನು ನಾನು ಕಂಡೆ. ನಾನೂ ಕೂಗಿದೆ. ಏಪ್ರಿಲ್ ಇಪ್ಪತ್ತರ ಬೆಳಗ್ಗೆ ಪೊಲೀಸರು ನುಗ್ಗಿದರು. ಆ ದಿನ ಅಮ್ಮನಿಗೆ ಹುಷಾರಿಲ್ಲವೆಂದು ಊರಿಗೆ ಬಂದಿದ್ದ ನಾನು ಬಚಾವಾದೆ. ಮುಕ್ರಾನ್ ಸಿಕ್ಕಿಬಿದ್ದ. ಅವನ ಕೋಣೆಯಲ್ಲಿ ಪೆಟ್ಟಿಗೆ ಸಿಕ್ಕಿತು.

ಪೊಲೀಸರ ಕಣ್ಣಿಗೆ ಅದು ಪದಗಳ ಸಂಗ್ರಹವಾಗಿ ಕಾಣಲಿಲ್ಲ. ಹೆಸರು, ವಯಸ್ಸು, ಊರು, ತಾಯಿಯ ಊರು. ಇಷ್ಟು ಅಚ್ಚುಕಟ್ಟಾದ ಪಟ್ಟಿ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ.

ಸಂತೆಯ ದಿನ ನಡುಮಧ್ಯಾಹ್ನ ಜೀಪುಗಳು ಬಂದವು. ನಲವತ್ತೊಂದು ಜನರನ್ನು ಠಾಣೆಗೆ ಕರೆದೊಯ್ದರು. ಅರ್ಧಕ್ಕರ್ಧ ಹಲ್ಲಿಲ್ಲದವರು. ದೆಹ್ಬಿಯಾ ಅಜ್ಜಿ ಆಮೇಲೆ ನೀರಿನ ಊಟೆಯ ಬಳಿ ಹೆಂಗಸರಿಗೆ ಅಭಿನಯಿಸಿ ತೋರಿಸುತ್ತಿದ್ದಳು:

"'ಸಂಘಟನೇಲಿ ನಿನ್ನ ಕೆಲಸ ಏನು?' ಅಂದ. 'ಯಾವ ಸಂಘಟನೆ ಸಾಹೇಬಾ, ನಂಗೆ ಮೊಣಕಾಲು ನೋವು' ಅಂದೆ. 'ಮೆಜಿಯಾನ್‌ಗೆ ಏನೇನು ಕೊಟ್ಟೆ, ಬಾಯಿ ಬಿಡು!' ಅಂದ. 'ಭೇದಿಗೆ ಮೂರು ಹೆಸರು ಕೊಟ್ಟೆ, ನಿಂಗೂ ಬೇಕಾ?' ಅಂದೆ."

ಹೆಂಗಸರು ನಗುತ್ತಿದ್ದರು. ಐಸ್ಸಾನ ಹೆಂಡತಿ ಜೂಹರ್ ಕೊಡ ತುಂಬಿಸಿಕೊಂಡು ಹೊರಟುಬಿಡುತ್ತಿದ್ದಳು. ಏಕೆಂದರೆ ಐಸ್ಸಾ ಹಿಂದಿರುಗಿರಲಿಲ್ಲ. ಕುರುವಿನ ಚೀಟಿಯನ್ನು ಪೊಲೀಸರು ಓದಿಸಿಕೊಂಡಿದ್ದರು.

ದೊಡ್ಡಪ್ಪನನ್ನು ಹನ್ನೊಂದು ದಿನ ಇಟ್ಟುಕೊಂಡರು. ಅಲ್ಲಿ ಏನಾಯಿತೆಂದು ಅವರು ಯಾರಿಗೂ ಪೂರ್ತಿ ಹೇಳಲಿಲ್ಲ. ನನಗೆ ಹೇಳಿದ್ದು ಇಷ್ಟು. ಆ ವಾಕ್ಯ ಐಸ್ಸಾನದಲ್ಲ, ತಾವೇ ಕಟ್ಟಿದ್ದು, ಅವನ ಹೆಸರು ಸುಮ್ಮನೆ ಹಾಕಿದ್ದು ಎಂದು ಅವರು ವಾದಿಸಿದರಂತೆ. ಅಧಿಕಾರಿ ನಗುತ್ತಾ ಪೆಟ್ಟಿಗೆಯ ಮೊದಲ ಚೀಟಿ ತೆಗೆದು ಅವರ ಮುಂದೆ ಹಿಡಿದ. "ಕೇಳಿದ್ದನ್ನು ಮಾತ್ರ ಬರೆಯಬೇಕು. ನೀನು ನಿಯಮ ಪಾಲಿಸೋ ಮನುಷ್ಯ ಅಂತ ಈ ಚೀಟಿಗಳೇ ಹೇಳ್ತಿವೆಯಲ್ಲ" ಎಂದ. ದೊಡ್ಡಪ್ಪನಿಗೆ ಜೀವನದಲ್ಲಿ ಒಂದೇ ಒಂದು ಸುಳ್ಳು ಬೇಕಾಗಿತ್ತು, ಅದೂ ದಕ್ಕಲಿಲ್ಲ.

ಐಸ್ಸಾನಿಗೆ ಸರ್ಕಾರವನ್ನು ನಿಂದಿಸಿದ ಅಪರಾಧಕ್ಕೆ ಹದಿನಾಲ್ಕು ತಿಂಗಳ ಸಜೆಯಾಯಿತು. ವಿದ್ಯಾರ್ಥಿಗಳಿಗಾಗಿ, ಮೇಷ್ಟರುಗಳಿಗಾಗಿ ಅಂಗಡಿಗಳು ಮುಚ್ಚಿದವು, ಪರದೇಶದ ಪತ್ರಿಕೆಗಳು ಬರೆದವು. ಬೇಸಿಗೆ ಬರುವಷ್ಟರಲ್ಲಿ ಮುಕ್ರಾನನೂ ಅವನ ಜೊತೆಯವರೂ ಬಿಡುಗಡೆಯಾದರು. ಐಸ್ಸಾನ ಹೆಸರು ಯಾವ ಪೋಸ್ಟರಿನಲ್ಲೂ ಇರಲಿಲ್ಲ. ಅವನು ಯಾರ ಹೋರಾಟಗಾರನೂ ಅಲ್ಲ. ಕುರು ಎದ್ದವನು, ಅಷ್ಟೇ.

ಆ ಹದಿನಾಲ್ಕು ತಿಂಗಳು ದವಾಖಾನೆಗೆ ಜನ ಬರುತ್ತಿದ್ದರು, ಬೇರೆ ಗತಿಯಿರಲಿಲ್ಲವಲ್ಲ. ಆದರೆ ಮಾತಾಡುತ್ತಿರಲಿಲ್ಲ. ನೋಯುವ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಿದ್ದರು. ಎಂಥ ನೋವು ಎಂದು ಕೇಳಿದರೆ ತಲೆ ಬಗ್ಗಿಸುತ್ತಿದ್ದರು. ಒಮ್ಮೆ ಜೂಹರ್ ಚಿಕ್ಕ ಮಗಳಿಗೆ ಲಸಿಕೆ ಹಾಕಿಸಲು ಬಂದಳು. ಸೂಜಿ ನೋಡಿ ಮಗು ಏನೋ ಕೇಳಹೊರಟರೆ ಅದರ ಬಾಯಿ ಮುಚ್ಚಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇಲ್ಲಿ ಮಾತಾಡಬಾರದು ಕಣೇ. ಈ ಗೋಡೆ ಬರ್ಕೊಳ್ಳತ್ತೆ." ಅಂದು ದೊಡ್ಡಪ್ಪ, ರಜೆಯಲ್ಲಿ ಅವರ ಕೈಕೆಲಸಕ್ಕೆ ನಿಲ್ಲುತ್ತಿದ್ದ ನನ್ನ ಕೈಗೆ ಸೂಜಿ ಕೊಟ್ಟು ಹೊರಗೆ ಹೋಗಿ ನಿಂತರು.

ಐಸ್ಸಾ ಎಂಬತ್ತೊಂದರ ಬೇಸಿಗೆಯಲ್ಲಿ ಬಂದ. ಎಡಗಿವಿ ಕೇಳುತ್ತಿರಲಿಲ್ಲ. ಊರ ಕಟ್ಟೆಯಲ್ಲಿ ಗೋಡೆಗೆ ಎಡಗಿವಿ ಒತ್ತಿ, ಬಲಗಿವಿ ಜನರ ಕಡೆ ಮಾಡಿ ಕೂರುತ್ತಿದ್ದ. ಮೂರನೇ ದಿನ ದೊಡ್ಡಪ್ಪ ಅವನ ಮನೆಗೆ ಹೊರಟರು. ಒಬ್ಬರೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಕರೆದೊಯ್ದರು. ಜೂಹರ್ ಕಾಫಿ ತಂದಿಟ್ಟಳು, ಕುಡಿಯಿರಿ ಎನ್ನಲಿಲ್ಲ.

"ಐಸ್ಸಾ, ನನ್ನಿಂದ ನಿನಗೆ..." ಎಂದು ದೊಡ್ಡಪ್ಪ ಶುರು ಮಾಡಿದರು.

"ಈ ಕಡೆ ಬಂದು ಹೇಳಿ ದಾ ಮೆಜಿಯಾನ್, ಆ ಕಡೆ ಬಾಗಿಲು ಮುಚ್ಚಿದೆ."

ದೊಡ್ಡಪ್ಪ ಜಾಗ ಬದಲಿಸಿದರು. ಅವರು ಬಾಯಿ ತೆರೆಯುವ ಮೊದಲೇ ಐಸ್ಸಾನೇ ಮಾತಾಡಿದ.

"ಆ ಮಾತು ಆಡಿದ್ದು ನಾನು. ಅದಕ್ಕೆ ನಾನು ಅಂಜಲ್ಲ. ಕೇಳಿದ್ರೆ ಇವತ್ತೂ ಆಡ್ತೀನಿ. ಆದ್ರೆ ಒಂದು ವಿಷಯ. ಮುಕ್ರಾನ್ ಗೊತ್ತಿದ್ದು ಹೋದ. ಮೇಜು ಹತ್ತಿದ, ಕೂಗಿದ, ಹಿಡಿದ್ರು. ನಾನು ಕುರು ತೋರಿಸೋಕೆ ಬಂದಿದ್ದೆ. ಒಂದು ಮಾತು ಕೇಳಬಹುದಿತ್ತಲ್ಲ, ಇದನ್ನ ನಿನ್ನ ಹೆಸರಲ್ಲಿ ಬರೀಲಾ ಅಂತ? ನಾನು ಹೂಂ ಅಂತಿದ್ನೋ ಏನೋ. ಆಗ ಜೈಲಲ್ಲಿ ನಂಗೊಂದು ಮರ್ಯಾದೆ ಇರ್ತಿತ್ತು. ಅಲ್ಲಿ ಎಲ್ಲರೂ ಕೇಳೋರು, ಯಾಕೆ ಬಂದೆ ಅಂತ. ಏನು ಹೇಳ್ಲಿ? ತಿಕದ ಕುರುವಿಂದ ಬಂದೆ ಅನ್ನಲಾ?"

ಒಂದು ಗಳಿಗೆ ಅವನೂ ನಕ್ಕ. ದೊಡ್ಡಪ್ಪ ನಗಲಿಲ್ಲ. ಕಾಫಿ ಆರಿತು.

ಅಂದಿನಿಂದ ಅವರಿಗೆ ಒಂದು ಹುಚ್ಚು ಹಿಡಿಯಿತು. ಪೊಲೀಸರು ಒಯ್ದದ್ದು ಆರುನೂರು ಚೀಟಿ. ಅದಕ್ಕೂ ಹೆಚ್ಚಿನವು ಮನೆಯಲ್ಲೇ ಗೋಧಿಯ ಗುಡಾಣದಲ್ಲಿ ಉಳಿದಿದ್ದವು. ಅವನ್ನು ಚೀಲಕ್ಕೆ ತುಂಬಿಕೊಂಡು, ರಜೆಯ ದಿನಗಳಲ್ಲಿ ಗುಡ್ಡದಿಂದ ಗುಡ್ಡಕ್ಕೆ ನಡೆದು, ಒಬ್ಬೊಬ್ಬರ ಮನೆಬಾಗಿಲಲ್ಲಿ ನಿಂತು ಅವರವರ ಚೀಟಿಯನ್ನು ಅವರವರಿಗೆ ಓದಿ ಹೇಳಿದರು. ಹೆಸರು ಇರಲೋ ಬೇಡವೋ ಎಂದು ಕೇಳಿದರು. ಸತ್ತವರ ಮಕ್ಕಳನ್ನೂ ಕೇಳಿದರು. ಕೆಲವರು ಕದ ಹಾಕಿಕೊಂಡರು. ದೆಹ್ಬಿಯಾ ಅಜ್ಜಿ, "ಹಾಕು. ದಪ್ಪಕ್ಷರದಲ್ಲಿ ಹಾಕು. ನನ್ನ ಮಗ ಸತ್ತಾಗ ನನ್ನ ಮಾತು ಯಾರಿಗೂ ಅರ್ಥ ಆಗಲಿಲ್ಲ, ಈಗ ಎಲ್ಲರೂ ಓದಲಿ" ಎಂದಳು. ಬೇಡ ಎಂದವರ ಚೀಟಿಯಿಂದ ಹೆಸರಿನ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ ಅವರ ಕೈಗೇ ಕೊಟ್ಟರು. ಐಸ್ಸಾ, "ಬೇಡ" ಎಂದ. ಅವನವು ಹದಿನಾರು ಚೀಟಿ. ಮೂಲೆಯಷ್ಟೇ ಅಲ್ಲ, ಹದಿನಾರನ್ನೂ ಇಡಿಯಾಗಿ ಕೇಳಿ ಇಸಿದುಕೊಂಡು ಒಲೆಗೆ ಹಾಕಿದ. ಅದರಲ್ಲಿ ನಾಲ್ಕು ಪದಗಳನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಮುಕ್ರಾನ್ ಮತ್ತೆ ಬಂದದ್ದು ಎಂಬತ್ತೆರಡರ ಚಳಿಗಾಲದಲ್ಲಿ. ತೆಳ್ಳಗಾಗಿದ್ದ, ಕೆಲಸ ಹೋಗಿತ್ತು, ಮಾತು ಚೂಪಾಗಿತ್ತು. ಟೇಪ್ ರೆಕಾರ್ಡರು ಇರಲಿಲ್ಲ. ಐಸ್ಸಾನನ್ನು ನೋಡಿ ಬಂದು, ಬೂಟು ಬಿಚ್ಚಿ ಒಲೆಯ ಮುಂದೆ ಕಾಲು ಒಡ್ಡಿ ಕೂತ. ಆಮೇಲೆ ವಿಷಯಕ್ಕೆ ಬಂದ. ದೊಡ್ಡಪ್ಪನ ಪದಗಳನ್ನು ಪುಸ್ತಿಕೆ ಮಾಡಿ ಗುಟ್ಟಾಗಿ ಹಂಚಬೇಕು, ಆದರೆ ಅರಬ್ಬಿಯಿಂದ ಬಂದ ಪದಗಳನ್ನು ಬಿಡಬೇಕು, ಅವುಗಳ ಜಾಗಕ್ಕೆ ಮರುಭೂಮಿಯಲ್ಲಿರುವ ನಮ್ಮ ಬಂಧು ಬುಡಕಟ್ಟಿನವರ ಮಾತಿನಿಂದಲೋ ಹಳೆಯ ಬೇರಿನಿಂದಲೋ ಹೊಸ ಪದ ತರಬೇಕು.

"ಮೂರರಲ್ಲಿ ಒಂದು ಪದ ಅರಬ್ಬಿಯದೇ ಇದೆಯಲ್ಲೋ" ಎಂದರು ದೊಡ್ಡಪ್ಪ. "ಔಷಧಿಗೆ ನಾವು ದ್ವಾ ಅಂತೀವಿ. ನನ್ನ ತಾಯಿ ಅಂದಳು, ಅವಳ ತಾಯಿ ಅಂದಳು. ಅವರು ಅರಬರಾ?"

"ಅಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಅವರು ಏನಂತಾರೆ? ಇದು ಭಾಷೆಯಲ್ಲ, ಕಡ ತಂದ ಚಿಂದಿ ಅಂತಾರೆ. ಅವರ ಕೈಗೆ ನಾವೇ ದೊಣ್ಣೆ ಕೊಡೋದಾ?"

"ಕೇಳಿದ್ದನ್ನ ಬರೀಬೇಕು, ಹೀಗಿದ್ರೆ ಚೆನ್ನಾಗಿತ್ತು ಅನ್ನಿಸಿದ್ದನ್ನ ಬರೀಬಾರದು. ಯಾರು ಹೇಳಿದ್ದು ಇದನ್ನ?"

"ನಾನೇ ಹೇಳಿದ್ದು." ಮುಕ್ರಾನನ ದನಿ ಏರಿತು. "ಇನ್ನು ಐವತ್ತು ವರ್ಷಕ್ಕೆ ಮಾತಾಡೋರೇ ಇರಲ್ಲ ದಾ ಮೆಜಿಯಾನ್. ಆಗ ನನ್ನ ಶಾಸ್ತ್ರ ಯಾರಿಗೆ ಬೇಕು? ಸತ್ತ ಮೇಲೆ ಹೆಣದ ಅಳತೆ ತಗೊಳ್ಳೋಕಾ? ಮೊದಲು ಜೀವ ಉಳೀಲಿ, ಆಮೇಲೆ ನಿಜ ಬರೆಯೋಣ."

"ಕಾಂಪೌಂಡರಿಗೆ ಇದನ್ನ ಹೇಳ್ತೀಯಲ್ಲಾ. ಸುಳ್ಳು ಹೇಳಿದ ರೋಗಿಗೆ ನಾನು ಯಾವ ಮದ್ದು ಕೊಡಲಿ?"

ನಾನು ಆ ದಿನ ಮುಕ್ರಾನನ ಕಡೆ ಇದ್ದೆ. ಇಪ್ಪತ್ತೊಂದು ವರ್ಷ ನನಗೆ. ಗೆಣ್ಣಿನ ಏಟು ಇನ್ನೂ ನೆನಪಿತ್ತು. ಅವನ ಮಾತು ನನಗೆ ಬೆಂಕಿಯ ಹಾಗೆ ತಾಗಿತು, ದೊಡ್ಡಪ್ಪನದು ಮುದುಕರ ಹಟವಾಗಿ ಕಂಡಿತು. ಅವರು ದವಾಖಾನೆಗೆ ಹೋದ ಹೊತ್ತಿನಲ್ಲಿ ಗುಡಾಣದ ಚೀಟಿಗಳನ್ನು ತೆಗೆದು, ಮುಕ್ರಾನ್ ಕೊಟ್ಟ ಹೊಸ ಪದಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಮೂರು ವಾರ ಕೂತು ಟೈಪ್ ಮಾಡಿದೆ. ಅಜ್ಜಿಯರ ಬಾಯಿಂದ ಬಂದ ಪದ ಬಿಟ್ಟು, ಯಾರ ಬಾಯಿಂದಲೂ ಬಾರದ ಪದ ಹಾಕಿದೆ. ಅವುಗಳ ಮುಂದೆ ಹೇಳಿದವರ ಹೆಸರಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

ಪುಸ್ತಿಕೆ ಬಂತು. ಮಸಿ ಮೆತ್ತಿದ ಅರವತ್ತು ಪುಟ. ಹುಡುಗರು ಅಂಗಿಯೊಳಗೆ ಅಡಗಿಸಿಟ್ಟುಕೊಂಡು ಓದಿದರು. ಓದಿ ಹಿಗ್ಗಿದರು. ಅದನ್ನು ಹಿಡಿದುಕೊಂಡಿದ್ದಕ್ಕೆ ಇಬ್ಬರು ಏಟೂ ತಿಂದರು. ದೊಡ್ಡಪ್ಪ ಒಂದು ಪ್ರತಿಯನ್ನು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯವರೆಗೆ ಓದಿದರು. ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರು ಮೆಲ್ಲಗೆ ಕೇಳಿದರು:

"ಫರೂಜಾ, ಸ್ಬೆರ್ ಎಲ್ಲಿ ಮಗಳೇ?"

ಸ್ಬೆರ್ ಎಂದರೆ ತಾಳ್ಮೆ. ಅರಬ್ಬಿಯಿಂದ ಬಂದದ್ದು. ನಾನು ಬಿಟ್ಟಿದ್ದೆ.

"ಅದಕ್ಕೆ ಸರಿಯಾದ ಪದ ಇನ್ನೂ ಸಿಕ್ಕಿಲ್ಲ ದೊಡ್ಡಪ್ಪಾ. ಹುಡುಕ್ತಿದಾರೆ."

"ಸಿಗೋ ತನಕ ನಿಮ್ಮಜ್ಜಿ ನಲವತ್ತು ವರ್ಷ ಮಾಡಿದ್ದಕ್ಕೆ ಹೆಸರಿಲ್ಲ ಅನ್ನು."

ಅಷ್ಟು ಹೇಳಿ ಪುಸ್ತಿಕೆಯನ್ನು ನನ್ನ ಮಡಿಲಲ್ಲಿಟ್ಟು ಎದ್ದರು. ಅವರು ನನ್ನ ಮೇಲೆ ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೆಲವು ತಿಂಗಳ ಮೇಲೆ ಪುಸ್ತಿಕೆ ಹಂಚುತ್ತಿದ್ದ ನಮ್ಮ ಗುಂಪಿನವರು ಅದರ ಪದಗಳಿಂದ ಮಕ್ಕಳ ಲಸಿಕೆಯ ಬಗ್ಗೆ ಒಂದು ಕರಪತ್ರ ಬರೆದು ದವಾಖಾನೆಯ ಗೋಡೆಗೆ ಅಂಟಿಸಿದರು. ಮನೆಮಾತಿನಲ್ಲಿ ಬಂದ ಮೊದಲ ಕರಪತ್ರ. ನಮಗೆಲ್ಲ ಹೆಮ್ಮೆ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಅದನ್ನು ಗಟ್ಟಿಯಾಗಿ ಓದಿದಳು. ಔಷಧಿಗೆ ಅದರಲ್ಲಿ ಅಸಫರ್ ಎಂದಿತ್ತು. ಕೂಸನ್ನೆತ್ತಿಕೊಂಡ ಬಾಣಂತಿ ಗಾಬರಿಯಾದಳು. ಸ್ಸಫರ್ ಎಂದರೆ ನಮ್ಮ ಕಿವಿಗೆ ಪ್ರಯಾಣ.

"ಜ್ವರ ಬಂದ ಮಗೂನ ಕಟ್ಕೊಂಡು ಯಾವೂರಿಗೆ ಹೋಗಬೇಕು ದಾ ಮೆಜಿಯಾನ್?"

ದೊಡ್ಡಪ್ಪ ಕರಪತ್ರದ ಮುಂದೆ ನಿಂತು, ಸಾಲು ಸಾಲಾಗಿ, ನಮ್ಮ ಮಾತನ್ನು ನಮ್ಮ ಮಾತಿಗೆ ಅನುವಾದ ಮಾಡಿ ಹೇಳಿದರು. ಬಾಗಿಲ ಹೊರಗೆ ನಿಂತು ನಾನು ಕೇಳಿಸಿಕೊಂಡೆ. ಆದರೆ ಅವರು ಅದನ್ನು ಕಿತ್ತುಹಾಕಲಿಲ್ಲ. ಮಳೆಗೆ ನೆನೆದು ಮೂಲೆ ಎದ್ದಾಗ ಗಾಯದ ಪಟ್ಟಿಯಿಂದ ತಾವೇ ಅಂಟಿಸಿದ್ದನ್ನೂ ನೋಡಿದ್ದೇನೆ.

ತೊಂಬತ್ತೆರಡರಲ್ಲಿ ದೊಡ್ಡಪ್ಪ ತೀರಿಕೊಂಡರು. ಐಸ್ಸಾ ಹೆಣಕ್ಕೆ ಹೆಗಲು ಕೊಟ್ಟ. ಸಂಗ್ರಹ ಅಚ್ಚಾಗಲಿಲ್ಲ. ಪ್ಯಾರಿಸ್ಸಿಗೆ ಹೋಗಿ ನೆಲೆಸಿದ ಮುಕ್ರಾನ್ ಬಹಳ ಓಡಾಡಿದ, ಅದನ್ನು ಒಪ್ಪಿಕೊಳ್ಳಬೇಕು. ವಿದ್ವಾಂಸರು, ಅರ್ಧಕ್ಕರ್ಧ ಚೀಟಿಯಲ್ಲಿ ಹೇಳಿದವರ ಹೆಸರಿಲ್ಲ, ನಂಬುವುದು ಹೇಗೆ ಎಂದರು. ನಮ್ಮ ಭಾಷಾ ಸಂಘದವರು, ಇಷ್ಟೊಂದು ಅರಬ್ಬಿ ಪದವಿದ್ದರೆ ನಾವೇಕೆ ಅಚ್ಚು ಹಾಕಬೇಕು ಎಂದರು. ಮುಕ್ರಾನ್ ನನಗೊಂದು ಪತ್ರ ಬರೆದಿದ್ದ. "ಇಬ್ಬರಿಗೂ ಬೇಡವಾದ ಹಾಗೆ ಮಾಡಿದ್ದು ನಾನೇ, ಎರಡು ಸಲ. ಮೊದಲು ಹೆಸರು ಬರೆಸಿದೆ, ಆಮೇಲೆ ಅರಬ್ಬಿ ಬಿಡಿ ಎಂದೆ" ಎಂದು ಅದರಲ್ಲಿತ್ತು. ನನ್ನ ಪಾಲನ್ನು ಅವನು ಬರೆದಿರಲಿಲ್ಲ.

ತೊಂಬತ್ತೈದರಲ್ಲಿ ಮಕ್ಕಳು ಒಂದು ಶಾಲಾವರ್ಷವಿಡೀ ತರಗತಿ ಬಹಿಷ್ಕರಿಸಿದ ಮೇಲೆ ನಮ್ಮ ಭಾಷೆ ಶಾಲೆಯೊಳಗೆ ಬಂತು. ಅದಕ್ಕೆ ಟೀಚರಾಗಿ ಸೇರಿದವರಲ್ಲಿ ನಾನೂ ಒಬ್ಬಳು. ಕಪ್ಪುಹಲಗೆಯ ಮೇಲೆ ಮೊದಲ ಅಕ್ಷರ ಬರೆದ ದಿನ ಅದನ್ನು ಸಂಜೆಯವರೆಗೆ ಒರೆಸಲಿಲ್ಲ. ಮುಕ್ರಾನ್ ಮೇಜು ಹತ್ತದೇ ಇದ್ದಿದ್ದರೆ ಆ ಹಲಗೆ ನನಗೆ ಸಿಗುತ್ತಿರಲಿಲ್ಲ ಎಂಬುದು ಇಂದಿಗೂ ನನ್ನ ನಂಬಿಕೆ.

ಎರಡನೇ ವರ್ಷ ಒಬ್ಬಳು ಮುದುಕಿ ಬಿಸಿಲಲ್ಲಿ ಗುಡ್ಡ ಇಳಿದು ಶಾಲೆಗೆ ಬಂದಳು. ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ.

"ಟೀಚರಮ್ಮಾ, ಮೊಮ್ಮಗಳು ನನ್ನ ಮಾತು ತಪ್ಪು ಅಂತಾಳೆ. ಮೂರಕ್ಕೆ ತ್ಲಾತಾ ಅನ್ನಬಾರದಂತೆ, ಅದು ಅರಬ್ಬಿಯದಂತೆ, ಕ್ರಾದ್ ಅನ್ನಬೇಕಂತೆ. ನಾನು ಎಂಟು ಹೆತ್ತಿದೀನಿ, ಮೂರು ಮಣ್ಣು ಮಾಡಿದೀನಿ. ಎಲ್ಲಾ ತಪ್ಪಾಗಿ ಎಣಿಸಿದ್ನಾ?"

"ಇಲ್ಲ ಅಜ್ಜಿ, ಪುಸ್ತಕದಲ್ಲಿ ಹಾಗಿದೆ" ಎಂಬ ಮಾತು ನನ್ನ ಬಾಯಿಂದ ಬಂದುಹೋಯಿತು. ಅವಳು ಪುಸ್ತಕ ನೋಡಬೇಕೆಂದಳು. ಕೊಟ್ಟೆ. ತಲೆಕೆಳಗಾಗಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಸೆರಗಿನಿಂದ ಒರೆಸಿ ಹಿಂದಿರುಗಿಸಿ, ಗುಡ್ಡ ಹತ್ತಿ ಹೋದಳು.

ಮರುದಿನದಿಂದ ಹಲಗೆಯ ಮೇಲೆ ಎರಡೂ ಪದ ಬರೆಯುತ್ತಿದ್ದೇನೆ. ಮನೆಯದೊಂದು, ಪುಸ್ತಕದ್ದೊಂದು. ಶಾಲಾ ತಪಾಸಣೆಗೆ ಬಂದವರು ಎರಡು ಸಲ ಆಕ್ಷೇಪ ಬರೆದು ಹೋಗಿದ್ದಾರೆ. ಪರೀಕ್ಷೆಯಲ್ಲಿ ಯಾವುದನ್ನು ಬರೆದರೆ ಅಂಕ ಎಂದು ಮಕ್ಕಳು ಕೇಳುತ್ತಾರೆ. ಪುಸ್ತಕದ್ದಕ್ಕೆ, ಎನ್ನುತ್ತೇನೆ. ಹೇಳಿ, ಸೀಮೆಸುಣ್ಣ ಹುಡುಕುವ ನೆಪದಲ್ಲಿ ಹಲಗೆಯ ಕಡೆ ತಿರುಗುತ್ತೇನೆ.